‘ಸಮರ್‌ಟೈಮ್’ ಚಿತ್ರದ ಖಾಲಿ ಕುರ್ಚಿ

ಪ್ರವಾಸ ಹೊರಟ ಹೆಂಗಸನ್ನು ನಮ್ಮಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು ‘ಎಲ್ಲಿಗೆ?’, ಇನ್ನೊಂದು ‘ಯಾರ ಜೊತೆ?’. ಎರಡನೆಯದಕ್ಕೆ ‘ಒಬ್ಬಳೇ’ ಎಂಬ ಉತ್ತರ ಬಂದರೆ ಮೊದಲನೆಯದರಲ್ಲಿ ಯಾರಿಗೂ ಆಸಕ್ತಿ ಉಳಿಯುವುದಿಲ್ಲ. ಕಾಶಿಗೋ ಕಾಶ್ಮೀರಕ್ಕೋ ಎಂಬುದನ್ನು ಮರೆತು, ಪಾಪ ಯಾರೂ ಇಲ್ಲವೇನೋ ಎಂಬ ಕನಿಕರ ಕೇಳಿದವರ ಮುಖದಲ್ಲಿ ಮೂಡುತ್ತದೆ. ಕೆಲವರ ಮುಖದಲ್ಲಿ ಕನಿಕರದ ಜೊತೆಗೆ ಕೊಂಚ ಅನುಮಾನವೂ ಇರುತ್ತದೆ. ಈ ‘ಯಾರ ಜೊತೆ’ ಎಂಬ ಪ್ರಶ್ನೆಯನ್ನೇ ಬೆನ್ನು ಹತ್ತಿದ ಒಂದು ಹಳೆಯ ಇಂಗ್ಲಿಷ್ ಚಲಚ್ಚಿತ್ರವನ್ನು ಈಚೆಗೆ ನೋಡಿದೆ. ಹೆಸರು ‘ಸಮರ್‌ಟೈಮ್’, ಬಂದದ್ದು 1955ರಲ್ಲಿ. ನಮ್ಮ ಪತ್ರಿಕೆಯ ಓದುಗರಲ್ಲಿ ಬಹುಪಾಲು ಜನ ಊರು ಬಿಟ್ಟು ಬಂದವರು. ಒಂದಲ್ಲ ಒಂದು ಕಾಲದಲ್ಲಿ ದೊಡ್ಡ ನಗರದ ಬೀದಿಗಳನ್ನು ಒಬ್ಬರೇ ಸುತ್ತಿದವರು. ಅವರಿಗೆ ಈ ಚಿತ್ರದಲ್ಲಿ ಯೋಚಿಸಲು ಬಹಳಷ್ಟು ಸಿಗುತ್ತದೆ ಎಂಬ ನಂಬಿಕೆಯಿಂದ ಈ ಲೇಖನ ಬರೆಯುತ್ತಿದ್ದೇನೆ. ನಾನು ಸಾಹಿತ್ಯ ಓದಿದವಳಲ್ಲ, ಬಿ.ಎಸ್‌ಸಿ. ಮುಗಿಸಿ ಕಡತಗಳ ನಡುವೆ ಕುಳಿತವಳು. ಆದ್ದರಿಂದ ಪಂಡಿತರ ಪರಿಭಾಷೆಯನ್ನು ಓದುಗರು ಇಲ್ಲಿ ನಿರೀಕ್ಷಿಸಬಾರದು.

ನಿರ್ದೇಶಕ ಡೇವಿಡ್ ಲೀನ್. ‘ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957), ‘ಲಾರೆನ್ಸ್ ಆಫ್ ಅರೇಬಿಯಾ’ (1962) ಮೊದಲಾದ ಭಾರೀ ಚಿತ್ರಗಳಿಂದ ಹೆಸರಾದವರು. ಅವರ ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ (1984). ಅದರ ಚಿತ್ರೀಕರಣ ಬೆಂಗಳೂರಿನಲ್ಲೂ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟಗಳಲ್ಲೂ ನಡೆದದ್ದನ್ನು ಹಿರಿಯ ಓದುಗರು ಬಲ್ಲರು. ಇಷ್ಟೆಲ್ಲ ದೊಡ್ಡ ಚಿತ್ರಗಳನ್ನು ಮಾಡಿದ ಲೀನ್ ತಮ್ಮ ಚಿತ್ರಗಳಲ್ಲಿ ತಮಗೆ ಅತ್ಯಂತ ಪ್ರಿಯವಾದದ್ದು ಈ ಪುಟ್ಟ ‘ಸಮರ್‌ಟೈಮ್’ ಎಂದು ಹೇಳುತ್ತಿದ್ದರಂತೆ. ಆರ್ಥರ್ ಲಾರೆಂಟ್ಸ್ ಎಂಬ ಅಮೆರಿಕನ್ ನಾಟಕಕಾರ 1952ರಲ್ಲಿ ರಂಗಕ್ಕೆ ತಂದ ‘ದಿ ಟೈಮ್ ಆಫ್ ದಿ ಕುಕೂ’ ಎಂಬ ನಾಟಕ ಇದಕ್ಕೆ ಮೂಲ. ಕಾದಂಬರಿಕಾರ ಎಚ್. ಇ. ಬೇಟ್ಸ್ ಜೊತೆ ಸೇರಿ ಲೀನ್ ಚಿತ್ರಕಥೆ ಬರೆದರು. 1954ರ ಬೇಸಿಗೆಯಲ್ಲಿ ಇಡೀ ತಂಡ ಇಟಲಿಯ ವೆನಿಸ್ ನಗರಕ್ಕೆ ಹೋಗಿ ಅಲ್ಲಿಯೇ ಚಿತ್ರೀಕರಣ ನಡೆಸಿತು.

ಕಥೆ ಬಲು ಸರಳ. ಜೇನ್ ಹಡ್ಸನ್ ಎಂಬಾಕೆ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನವಳು. ಆಕ್ರನ್ ಎಂದರೆ ಮೋಟಾರು ಟೈರುಗಳಿಗೆ ಹೆಸರಾದ ಕಾರ್ಖಾನೆಗಳ ಊರು. ಅಲ್ಲಿ ಈಕೆ ಸೆಕ್ರೆಟರಿ. ಎಂದರೆ ನಮ್ಮ ನಿಮ್ಮಂತೆ ಕಚೇರಿಯ ನೌಕರಿ. ಮದುವೆಯಾಗಿಲ್ಲ, ವಯಸ್ಸು ಮೀರುತ್ತಿದೆ. ವರ್ಷಗಟ್ಟಲೆ ಸಂಬಳದಲ್ಲಿ ಉಳಿಸಿ, ಕನಸು ಕಂಡಿದ್ದ ವೆನಿಸ್‌ಗೆ ಒಬ್ಬಳೇ ಬಂದಿದ್ದಾಳೆ. ಸಿನಿಯೊರಾ ಫಿಯೊರಿನಿ ಎಂಬ ವಿಧವೆ ನಡೆಸುವ ವಸತಿಗೃಹದಲ್ಲಿ ಇಳಿದುಕೊಳ್ಳುತ್ತಾಳೆ. ಊರು ಸುತ್ತುವಾಗ ಹಳೆಯ ವಸ್ತುಗಳ ಅಂಗಡಿಯ ಮಾಲೀಕ ರೆನಾಟೊ ಪರಿಚಯವಾಗುತ್ತಾನೆ, ಪರಿಚಯ ಪ್ರೇಮವಾಗುತ್ತದೆ. ಆತನಿಗೆ ಹೆಂಡತಿ ಮಕ್ಕಳಿದ್ದಾರೆಂಬುದು ಆಮೇಲೆ ಬೆಳಕಿಗೆ ಬರುತ್ತದೆ. ಕೆಲವು ದಿನಗಳ ಸುಖದ ನಂತರ ಜೇನ್ ತಾನಾಗಿಯೇ ತೀರ್ಮಾನಿಸಿ ರೈಲು ಹತ್ತುತ್ತಾಳೆ. ಜೇನ್ ಪಾತ್ರ ಮಾಡಿದಾಗ ಕ್ಯಾಥರೀನ್ ಹೆಪ್‌ಬರ್ನ್‌ಗೆ 47 ವರ್ಷ. ರೆನಾಟೊ ಆಗಿರುವವರು ಇಟಲಿಯ ನಟ ರೊಸ್ಸಾನೊ ಬ್ರಾಟ್ಸಿ. ಆ ವರ್ಷದ ಆಸ್ಕರ್ ಪ್ರಶಸ್ತಿಗೆ ಲೀನ್ ಹಾಗೂ ಹೆಪ್‌ಬರ್ನ್ ಇಬ್ಬರ ಹೆಸರೂ ಸೂಚಿತವಾಗಿತ್ತು; ಇಬ್ಬರಿಗೂ ಬರಲಿಲ್ಲ.

ಇಷ್ಟು ಕೇಳಿದವರು ಇದೊಂದು ಸಾಧಾರಣ ಪ್ರೇಮಕಥೆ ಎಂದು ಬದಿಗಿಡಬಹುದು. ಚಿತ್ರದ ಹೆಚ್ಚುಗಾರಿಕೆ ಪ್ರೇಮಕಥೆ ಆರಂಭವಾಗುವ ಮುನ್ನವೇ ಇದೆ ಎಂಬುದು ನನ್ನ ಅಭಿಪ್ರಾಯ. ಮೊದಲ ಮೂರನೆಯ ಒಂದು ಭಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ. ಒಬ್ಬ ಹೆಂಗಸು ಊರು ನೋಡುತ್ತಾಳೆ, ಅಷ್ಟೆ. ಆದರೆ ಆ ನೋಡುವಿಕೆಯನ್ನು ಲೀನ್ ಎಷ್ಟು ತಾಳ್ಮೆಯಿಂದ ಹಿಡಿದಿದ್ದಾರೆಂದರೆ, ನಮ್ಮ ಕಾಲುಗಳಿಗೂ ಆ ಕಲ್ಲುಹಾಸಿನ ಬಿಸಿ ತಾಕುತ್ತದೆ.

ವೆನಿಸ್ ಒಬ್ಬಂಟಿ ಪ್ರವಾಸಿಗೆ ಹೇಳಿ ಮಾಡಿಸಿದ ಊರು. ಸಮುದ್ರದ ಹಿನ್ನೀರಿನಲ್ಲಿ ನೂರಕ್ಕೂ ಹೆಚ್ಚು ಸಣ್ಣ ದ್ವೀಪಗಳು. ಅವನ್ನು ಜೋಡಿಸುವ 400ಕ್ಕೂ ಮಿಕ್ಕ ಸೇತುವೆಗಳು. ಹಳೆಯ ಊರಿನೊಳಗೆ ಮೋಟಾರು ವಾಹನವಿಲ್ಲ. ಕೆಸರಿನಲ್ಲಿ ಒತ್ತೊತ್ತಾಗಿ ಇಳಿಸಿದ ಮರದ ಕಂಬಗಳೇ ಅಲ್ಲಿನ ಕಟ್ಟಡಗಳಿಗೆ ತಳಹದಿ. ಕೆಸರಿನೊಳಗೆ ಆಮ್ಲಜನಕ ಸುಳಿಯದೆ ಇರುವುದರಿಂದ ಮರ ಬೇಗ ಕೊಳೆಯುವುದಿಲ್ಲ. ಶತಮಾನಗಳಿಂದ ಭಾರ ಹೊತ್ತು ನಿಂತಿದೆ. ಮನೆಗಳ ಸಂಖ್ಯೆಗಳು ಬೀದಿವಾರು ಇಲ್ಲ. ಇಡೀ ಊರನ್ನು ಆರು ಭಾಗ ಮಾಡಿ, ಭಾಗಕ್ಕೊಂದು ಸರಣಿಯಂತೆ ಸಾವಿರಗಟ್ಟಲೆ ಎಣಿಸಿಕೊಂಡು ಹೋಗಿದ್ದಾರೆ. ಹೀಗಾಗಿ ವಿಳಾಸ ಕೈಯಲ್ಲಿದ್ದರೂ ದಾರಿ ತಪ್ಪುವುದು ಖಂಡಿತ. ಓಣಿಯೊಂದು ತಿರುಗುತ್ತ ತಿರುಗುತ್ತ ಹೋಗಿ ಥಟ್ಟನೆ ನೀರಿನ ಅಂಚಿಗೆ ಬಂದು ಮುಗಿದುಬಿಡುತ್ತದೆ. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕು. ಅವಸರದಲ್ಲಿರುವ ಸಂಸಾರಸ್ಥನಿಗೆ ಇದು ಶಿಕ್ಷೆ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಒಬ್ಬಂಟಿಗೆ ಇದೇ ರಸದೂಟ.

ಜೇನ್ ಈ ಊರಿಗೆ ರೈಲಿನಲ್ಲಿ ಬರುತ್ತಾಳೆ. 1846ರಲ್ಲಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಉದ್ದನೆಯ ರೈಲು ಸೇತುವೆಯ ಮೇಲೆ ಬಂಡಿ ಸಾಗುತ್ತಿದ್ದಾಗಲೇ ಕಿಟಕಿಗೆ ಕ್ಯಾಮರಾ ಹಿಡಿದಿರುತ್ತಾಳೆ. ಕೈಗೆ ಕ್ಯಾಮರಾ ಬಂದ ಪ್ರವಾಸಿ ಕಣ್ಣನ್ನು ಅದಕ್ಕೆ ಒತ್ತೆಯಿಟ್ಟುಬಿಡುತ್ತಾನೆ ಎಂಬ ಸತ್ಯವನ್ನು ಲೀನ್ ಎಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿಬಿಟ್ಟಿದ್ದಾರೆ. ಇಂದು ಮೊಬೈಲ್ ಫೋನು ಎತ್ತಿ ಹಿಡಿದು ದೇವರ ದರ್ಶನ ಮಾಡುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಸಾನ್ ಬಾರ್ನಬಾ ಎಂಬ ಚೌಕದ ಬಳಿ ಅಂಗಡಿಯ ಚಿತ್ರ ತೆಗೆಯಲು ಜೇನ್ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಕಾಲುವೆಗೆ ಬೀಳುತ್ತಾಳೆ. ನಗು ಬರುವ ದೃಶ್ಯ. ಆದರೆ ಅದರಲ್ಲೊಂದು ಮಾತಿದೆ: ಅಲ್ಲಿಯವರೆಗೆ ಊರನ್ನು ಗಾಜಿನ ಮೂಲಕ ನೋಡಿದವಳು ಈಗ ಊರಿನೊಳಗೇ ಬಿದ್ದಳು. ಈ ದೃಶ್ಯಕ್ಕೆ ಹೆಪ್‌ಬರ್ನ್ ಬದಲಿ ನಟಿಯನ್ನು ಬಳಸಲು ಒಪ್ಪದೆ ತಾವೇ ಬಿದ್ದರು. ಆ ನೀರಿನಿಂದ ಕಣ್ಣಿಗೆ ತಗುಲಿದ ಸೋಂಕು ಜೀವನಪೂರ್ತಿ ತಮ್ಮನ್ನು ಬಿಡಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಈ ಭಾಗದ ಎರಡು ಸಂದರ್ಭಗಳನ್ನು ಹೇಳದೆ ಮುಂದೆ ಹೋಗಲಾರೆ. ಮೊದಲನೆಯದು ವಸತಿಗೃಹದ ಜಗಲಿಯಲ್ಲಿ ಮೊದಲ ದಿನದ ಸಂಜೆ. ಉಳಿದ ಅತಿಥಿಗಳೆಲ್ಲ ಜೋಡಿಜೋಡಿಯಾಗಿ ಹೊರಗೆ ಹೋಗುತ್ತಾರೆ. ಮನೆಯೊಡತಿಗೂ ಎಲ್ಲಿಯೋ ಹೋಗಬೇಕಾಗಿದೆ. ಜೇನ್ ಮಾತು ಬೆಳೆಸುತ್ತಾಳೆ, ನಗುತ್ತಾಳೆ, ಹೋಗುವವರನ್ನು ಇನ್ನೊಂದು ನಿಮಿಷ ನಿಲ್ಲಿಸಿಕೊಳ್ಳಲು ನೋಡುತ್ತಾಳೆ. ಕೊನೆಗೆ ಜಗಲಿಯೂ ಆಕೆಯೂ ಉಳಿಯುತ್ತಾರೆ. ಎದುರಿಗೆ ಜಗತ್ತಿನಲ್ಲೇ ಅತಿ ಸುಂದರವಾದ ಜಲಮಾರ್ಗ. ಅಷ್ಟು ಚೆಲುವನ್ನು ಎದುರಿಗಿಟ್ಟು ಅಷ್ಟು ಬೇಸರವನ್ನು ತೋರಿಸಿದ ದೃಶ್ಯ ನಾನು ಬೇರೆಡೆ ನೋಡಿಲ್ಲ.

ಎರಡನೆಯದು ಸಂತ ಮಾರ್ಕನ ಚೌಕದ ಕಾಫಿ ಹೋಟೆಲಿನದು. ಜೇನ್ ಬಯಲಿನಲ್ಲಿ ಹಾಕಿದ ಮೇಜಿನ ಮುಂದೆ ಒಬ್ಬಳೇ ಕುಳಿತಿದ್ದಾಳೆ. ಸುತ್ತಲೂ ಸಂಸಾರಗಳು, ಪ್ರೇಮಿಗಳು. ತಾನು ಒಂಟಿಯೆಂದು ಯಾರೂ ತಿಳಿಯದಿರಲೆಂದು ಎದುರಿನ ಖಾಲಿ ಕುರ್ಚಿ ಯಾರಿಗೋ ಕಾದಿರಿಸಿದ್ದು ಎಂಬಂತೆ ಕಾಣುವ ಏರ್ಪಾಡು ಮಾಡುತ್ತಾಳೆ. ಅಷ್ಟರಲ್ಲಿ ರೆನಾಟೊ ಬರುತ್ತಾನೆ. ಕುರ್ಚಿಯನ್ನು ನೋಡಿ, ಜೊತೆಗೆ ಯಾರೋ ಇದ್ದಾರೆಂದು ಭಾವಿಸಿ ಸಭ್ಯತೆಯಿಂದ ತಲೆಬಾಗಿ ಹೊರಟುಹೋಗುತ್ತಾನೆ. ಮಾನ ಕಾಪಾಡಿಕೊಳ್ಳಲು ಕಟ್ಟಿದ ಸುಳ್ಳು ಆಕೆ ಬಯಸಿದ್ದನ್ನೇ ದೂರ ಮಾಡಿತು. ಒಂದು ಮಾತಿಲ್ಲದೆ, ಒಂದು ಕುರ್ಚಿಯಿಂದ ಇಷ್ಟನ್ನು ಹೇಳಿದ್ದು ನಿಜವಾದ ಚಿತ್ರಭಾಷೆ ಎನ್ನದೆ ವಿಧಿಯಿಲ್ಲ.

ಈ ದೃಶ್ಯ ನನ್ನನ್ನು ಹಿಡಿದು ನಿಲ್ಲಿಸಲು ಕಾರಣವಿದೆ. ನೌಕರಿ ಸಿಕ್ಕಿ ಮುಂಬಯಿಗೆ ಬಂದ ಹೊಸದರಲ್ಲಿ ನಾನು ಮಹಿಳೆಯರ ಹಾಸ್ಟೆಲಿನಲ್ಲಿದ್ದೆ. ಭಾನುವಾರದ ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತರೆ ಗಳಿಗೆಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ಯಾರಿಗೋ ಕಾಯುತ್ತಿದ್ದೇನೆಂದು ದಾರಿಹೋಕರು ತಿಳಿಯಲೆಂದು. ಸಮುದ್ರ ನೋಡಲು ಬಂದಿದ್ದೇನೆ ಎನ್ನುವುದು ಒಬ್ಬಂಟಿ ಹೆಣ್ಣಿಗೆ ಸಾಕಾಗುವ ಕಾರಣವೆಂದು ಆಗ ನನಗೇ ಧೈರ್ಯವಿರಲಿಲ್ಲ. ಹಾಸ್ಟೆಲಿನ ಗೆಳತಿಯರಲ್ಲಿ ಕೆಲವರು ಪುಸ್ತಕ ಹಿಡಿದು ಹೋಗುತ್ತಿದ್ದರು, ಓದುವುದಕ್ಕಲ್ಲ. ಗಡಿಯಾರ, ಪುಸ್ತಕ, ಖಾಲಿ ಕುರ್ಚಿ ಎಲ್ಲವೂ ಒಂದೇ ಜಾತಿಯ ಗುರಾಣಿಗಳು.

ಇನ್ನು ಚಿತ್ರದ ದೋಷಗಳಿಗೆ ಬರೋಣ. ನಮ್ಮ ಭಾಷೆಯಲ್ಲಿ ಏಕಾಂತ ಎಂಬ ಮಾತು ಬೇರೆ, ಒಂಟಿತನ ಎಂಬ ಮಾತು ಬೇರೆ. ಏಕಾಂತ ಬೇಕೆಂದು ಆರಿಸಿಕೊಳ್ಳುವುದು. ಒಂಟಿತನ ಬೇಡವೆಂದರೂ ಬಂದು ಕೂರುವುದು. ಒಬ್ಬರೇ ಊರು ಸುತ್ತುವವರಿಗೆ ಬೆಳಿಗ್ಗೆ ಏಕಾಂತವಿರುತ್ತದೆ, ಸಂಜೆ ಒಂಟಿತನ ಕಾಡುತ್ತದೆ. ಎರಡೂ ಒಂದೇ ದಿನದ ಎರಡು ಹೊತ್ತುಗಳು. ಮೊದಲ ಭಾಗದಲ್ಲಿ ಲೀನ್ ಎರಡನ್ನೂ ಸಮನಾಗಿ ತೂಗಿದ್ದಾರೆ. ರೆನಾಟೊ ಬಂದ ಮೇಲೆ ತಕ್ಕಡಿ ವಾಲುತ್ತದೆ. ಅಲ್ಲಿಯವರೆಗೆ ಆಕೆ ಅನುಭವಿಸಿದ್ದೆಲ್ಲ ಬರಿಯ ಕೊರತೆಯಾಗಿತ್ತು, ರೋಗವಾಗಿತ್ತು, ಗಂಡಸಿನ ಪ್ರೀತಿಯೊಂದೇ ಅದಕ್ಕೆ ಔಷಧ ಎಂಬ ಧಾಟಿಗೆ ಚಿತ್ರ ಇಳಿಯುತ್ತದೆ. ಹಸಿದವಳು ಸಿಕ್ಕಿದ್ದನ್ನು ಉಣ್ಣಬೇಕು ಎಂಬರ್ಥದ ಉಪದೇಶವನ್ನು ರೆನಾಟೊ ಮಾಡುತ್ತಾನೆ. ಅದನ್ನು ಜಾಣತನದ ಮಾತೆಂದು ಚಿತ್ರವೂ ಒಪ್ಪಿದಂತೆ ಕಾಣುತ್ತದೆ. ಬೆಳಗಿನ ಬಿಸಿಲಿನಲ್ಲಿ ಸೇತುವೆಯ ಮೇಲೆ ನಿಂತು ತನ್ನಷ್ಟಕ್ಕೆ ತಾನು ನಕ್ಕ ಜೇನ್ ಏನಾದಳು? ಆ ನಗುವಿಗೆ ಯಾರ ಪ್ರೀತಿಯೂ ಬೇಕಾಗಿರಲಿಲ್ಲವಲ್ಲ!

ವಿಚಿತ್ರವೆಂದರೆ, ಚಿತ್ರ ತಾನೇ ತೋರಿಸಿದ ಸಾಕ್ಷ್ಯ ಈ ತೀರ್ಪಿಗೆ ವಿರುದ್ಧವಾಗಿದೆ. ವಸತಿಗೃಹದಲ್ಲಿ ಜೋಡಿಯಾಗಿ ಬಂದವರು ಯಾರು ನೋಡಿ. ಮ್ಯಾಕಿಲ್‌ಹೆನ್ನಿ ಎಂಬ ವೃದ್ಧ ದಂಪತಿಗಳದು ಗಂಟೆ ಲೆಕ್ಕದ ಪ್ರವಾಸ. ಇಷ್ಟ ಬಂದಂತೆ ಅಡ್ಡಾಡುವುದಕ್ಕೂ ವೇಳಾಪಟ್ಟಿಯಲ್ಲಿ ಹೊತ್ತು ನಿಗದಿಯಾಗಿದೆ. ಹತ್ತು ದಿನದಲ್ಲಿ ಏಳು ದೇಶ ತೋರಿಸುವ ನಮ್ಮ ಇಂದಿನ ಪ್ರವಾಸಿ ಸಂಸ್ಥೆಗಳ ಬಸ್ಸುಗಳಲ್ಲಿ ಇವರ ಬಂಧುಗಳು ಬೇಕಾದಷ್ಟು ಸಿಗುತ್ತಾರೆ. ಇನ್ನೊಂದು ಜೋಡಿ ಯುವ ಚಿತ್ರಕಾರ ಮತ್ತು ಆತನ ಹೆಂಡತಿ. ಆ ಚಿತ್ರಕಾರ ಹೆಂಡತಿಗೆ ತಿಳಿಯದಂತೆ ಮನೆಯೊಡತಿಯೊಂದಿಗೆ ಸಂಬಂಧವಿಟ್ಟುಕೊಂಡಿದ್ದಾನೆ. ಜೋಡಿಗಳ ಸ್ಥಿತಿ ಹೀಗಿರುವಾಗ ಒಬ್ಬಳೇ ಇರುವವಳನ್ನು ಮಾತ್ರ ಕನಿಕರದಿಂದ ನೋಡುವುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಚಿತ್ರ ಎತ್ತುತ್ತದೆ, ಉತ್ತರಿಸದೆ ಕೈಬಿಡುತ್ತದೆ.

ಎರಡನೆಯ ದೋಷ ಕಲೆಗೆ ಸಂಬಂಧಿಸಿದ್ದು. ಪ್ರೇಮಿಗಳು ಒಂದಾಗುವ ರಾತ್ರಿ ಆಕಾಶದಲ್ಲಿ ಬಾಣಬಿರುಸು ಸಿಡಿಯುತ್ತದೆ, ಜಗಲಿಯ ಮೇಲೆ ಕೆಂಪು ಚಪ್ಪಲಿಯೊಂದು ಬಿದ್ದಿರುತ್ತದೆ. ಎರಡು ಹೂಗಳನ್ನು ಮುಟ್ಟಿಸಿ ಮುಗಿಸುತ್ತಿದ್ದ ನಮ್ಮ ಹಳೆಯ ಚಿತ್ರಗಳನ್ನು ನೋಡಿ ನಕ್ಕವರು ಇಲ್ಲಿಯೂ ಪಕ್ಷಪಾತವಿಲ್ಲದೆ ನಗಬಹುದು. ಅನಂತರ ಬುರಾನೊ ದ್ವೀಪದ ಬಣ್ಣದ ಮನೆಗಳ ನಡುವೆ ಇಬ್ಬರೂ ಸುಖವಾಗಿರುವ ಭಾಗ ಪಿಕ್ಚರ್ ಪೋಸ್ಟ್‌ಕಾರ್ಡುಗಳ ಮಾಲೆಯಂತಿದೆ. ಜ್ಯಾಕ್ ಹಿಲ್ಡಿಯಾರ್ಡ್ ಅವರ ಛಾಯಾಗ್ರಹಣ ಎಲ್ಲೆಲ್ಲೂ ಕಣ್ಣಿಗೆ ಹಬ್ಬ, ಸಂದೇಹವಿಲ್ಲ. ಆದರೆ ಜೇನ್ ಒಬ್ಬಳೇ ಇದ್ದಾಗ ಪ್ರತಿ ಗೋಡೆ, ಪ್ರತಿ ಕಿಟಕಿ ಆಕೆಯ ಮನಸ್ಸಿಗೆ ಕನ್ನಡಿ ಹಿಡಿಯುತ್ತಿತ್ತು. ಇಬ್ಬರಾದ ಮೇಲೆ ವೆನಿಸ್ ಹಿಂದೆ ಕಟ್ಟಿದ ಪರದೆಯಾಗಿಬಿಡುತ್ತದೆ. ಪ್ರೇಮ ಬಂದಾಗ ಊರು ಕಣ್ಮರೆಯಾಗುವುದು ಜೀವನದಲ್ಲಿ ಸಹಜವಿರಬಹುದು. ಊರಿನ ಬಗ್ಗೆ ಹೊರಟ ಚಿತ್ರಕ್ಕೆ ಅದು ನಷ್ಟ.

ಮೂರನೆಯದು, ಊರಿನ ಜನ. ವಸತಿಗೃಹದ ಒಡತಿ, ಅಂಗಡಿಯ ಯಜಮಾನ, ಪ್ರವಾಸಿಗಳ ಬೆನ್ನು ಹತ್ತಿ ಸಣ್ಣಪುಟ್ಟ ಸಾಮಾನು ಮಾರುವ ಮೌರೊ ಎಂಬ ಪೋರ: ಜೇನ್ ಕಾಣುವ ವೆನಿಸಿಗರೆಲ್ಲ ಆಕೆಗೆ ಏನನ್ನಾದರೂ ಮಾರುವವರೇ. ರೆನಾಟೊ ಹದಿನೆಂಟನೆಯ ಶತಮಾನದ್ದೆಂದು ಹೇಳಿ ಕೊಟ್ಟ ಕೆಂಪು ಗಾಜಿನ ಪಾತ್ರೆಯಂಥವನ್ನೇ ಮ್ಯಾಕಿಲ್‌ಹೆನ್ನಿಯವರು ಮುರಾನೊ ದ್ವೀಪದಿಂದ ಹೊಸದಾಗಿ ಅರ್ಧ ಡಜನ್ ಕೊಂಡು ತಂದಾಗ ಜೇನ್ ಮನಸ್ಸಿನಲ್ಲಿ ಏಳುವ ಅನುಮಾನ ಚಿತ್ರದ ಒಳ್ಳೆಯ ಗಳಿಗೆಗಳಲ್ಲೊಂದು. ಮೋಸ ಹೋದದ್ದು ಪಾತ್ರೆಯಲ್ಲಿ ಮಾತ್ರವೋ, ಮಾತಿನಲ್ಲೂ ಹೌದೋ? ಮೂಲ ನಾಟಕದಲ್ಲಿ ಹಣದ ಈ ಸಂಶಯ ಇನ್ನೂ ಕಟುವಾಗಿ ಬರುತ್ತದೆ; ಲೀನ್ ಅದನ್ನು ಬೇಗನೆ ನಯಗೊಳಿಸಿದ್ದಾರೆ. ವರ್ಷಗಟ್ಟಲೆ ಪೈಸೆ ಪೈಸೆ ಕೂಡಿಟ್ಟ ಸಂಬಳದಾಳು ಹಣದ ವಿಷಯವನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲವೆಂದು ನನ್ನಂಥ ಗುಮಾಸ್ತೆ ಧಾರಾಳವಾಗಿ ಸಾಕ್ಷಿ ಹೇಳಬಲ್ಲಳು. ನಮಗೆ ನಾಲ್ಕು ವರ್ಷದ ಅವಧಿಗೊಮ್ಮೆ ಭಾರತದೊಳಗೆ ಎಲ್ಲಿಗಾದರೂ ಹೋಗಿಬರಲು ಸರ್ಕಾರ ರಜಾ ಪ್ರಯಾಣದ ರಿಯಾಯಿತಿ ಕೊಡುತ್ತದೆ. ಹೊರದೇಶಕ್ಕಾದರೆ ಸ್ವಂತ ದುಡ್ಡು, ಮೇಲೆ ಇಲಾಖೆಯ ಅನುಮತಿ. ಅಂಥ ಲೆಕ್ಕಾಚಾರದ ಒಂದು ದೃಶ್ಯವಾದರೂ ಇದ್ದಿದ್ದರೆ ಜೇನ್ ನಮಗೆ ಇನ್ನಷ್ಟು ಹತ್ತಿರವಾಗುತ್ತಿದ್ದಳು.

ಚಿತ್ರ ನೋಡದೆ ಬಿಟ್ಟ ವೆನಿಸಿಗರ ಕಥೆಯನ್ನು ಇಂದು ಅಂಕಿಅಂಶಗಳು ಹೇಳುತ್ತಿವೆ. 1951ರಲ್ಲಿ ಹಳೆಯ ಊರಿನ ನಿವಾಸಿಗಳು ಸುಮಾರು 1,75,000. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಏರಿ ಊರು ಮುಳುಗಿತ್ತು. ಈಗ ಉಬ್ಬರವನ್ನು ತಡೆಯಲು ಕಡಲಬಾಯಿಗಳಲ್ಲಿ ಏಳುವ ಬಾಗಿಲುಗಳನ್ನು ಕಟ್ಟಿದ್ದಾರೆ. ಅವು ಮೊದಲ ಬಾರಿ ಊರನ್ನು ಕಾಯ್ದದ್ದು 2020ರ ಅಕ್ಟೋಬರಿನಲ್ಲಿ. ಪ್ರವಾಸಿಗಳ ಉಬ್ಬರಕ್ಕೆ ಹಾಗೆ ಬಾಗಿಲು ಹಾಕಲಾಗದೆ, 2024ರ ಏಪ್ರಿಲ್ 25ರಿಂದ ಕೆಲವು ಗೊತ್ತಾದ ದಿನಗಳಲ್ಲಿ ಬಂದು ಅಂದೇ ಹಿಂತಿರುಗುವವರಿಂದ 5 ಯೂರೋ ಪ್ರವೇಶಶುಲ್ಕ ವಸೂಲಿ ಆರಂಭಿಸಿದರು. ಊರೊಂದು ನೋಡುವವರ ಪಾಲಾದರೆ ಇರುವವರಿಗೆ ಜಾಗವಿಲ್ಲದಾಗುತ್ತದೆ. 1955ರಲ್ಲಿ ಇದನ್ನು ಊಹಿಸಲಿಲ್ಲವೆಂದು ಲೀನ್‌ರನ್ನು ದೂರಲಾಗದು. ಆದರೆ ಮಾರುವವರಲ್ಲದ ಒಬ್ಬ ವೆನಿಸಿಗನನ್ನೂ ಜೇನ್ ಆಪ್ತವಾಗಿ ಅರಿಯಲಿಲ್ಲ ಎಂಬುದನ್ನು ಬಾಡಿಗೆಯ ಊರುಗಳಲ್ಲಿ ಬಾಳುವ ನಾವು ಗಮನಿಸದೆ ಇರಲಾರೆವು. ಹಾಲಿನವನು, ತರಕಾರಿಯವನು, ಮನೆ ಮಾಲೀಕ ಇಷ್ಟರಲ್ಲೇ ನಮ್ಮ ಮುಂಬಯಿ ಮುಗಿದುಹೋದ ವರ್ಷಗಳು ನಮಗೂ ಇದ್ದವಲ್ಲವೇ?

ಲೀನ್ ಈ ವಸ್ತುವಿಗೆ ಹಿಂದೆಯೂ ಮುಂದೆಯೂ ಕೈಹಾಕಿದ್ದಾರೆ. 1945ರ ‘ಬ್ರೀಫ್ ಎನ್‌ಕೌಂಟರ್’ ಚಿತ್ರದಲ್ಲಿ ಸಂಸಾರಸ್ಥೆಯೊಬ್ಬಳು ರೈಲು ನಿಲ್ದಾಣದಲ್ಲಿ ಪ್ರೇಮವನ್ನು ಬೀಳ್ಕೊಟ್ಟು ಮನೆಗೆ ಮರಳುತ್ತಾಳೆ. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಅಡೆಲಾ ಎಂಬ ಇಂಗ್ಲಿಷ್ ಯುವತಿ ಸೈಕಲ್ ಹತ್ತಿ ಒಬ್ಬಳೇ ಹೊರಟು ಪಾಳುಬಿದ್ದ ದೇಗುಲದ ಶೃಂಗಾರ ಶಿಲ್ಪಗಳ ಮುಂದೆ ನಿಲ್ಲುತ್ತಾಳೆ; ಕೋತಿಗಳ ಹಿಂಡು ಆಕೆಯನ್ನು ಬೆದರಿಸಿ ಓಡಿಸುತ್ತದೆ. ಫಾರ್ಸ್ಟರ್‌ರ ಕಾದಂಬರಿಯಲ್ಲಿ ಇಲ್ಲದ ಈ ದೃಶ್ಯವನ್ನು ಲೀನ್ ತಾವಾಗಿ ಸೇರಿಸಿದರು. ಒಬ್ಬಳೇ ಹೊರಟ ಹೆಣ್ಣು ಹಳೆಯ ಕಲ್ಲುಗಳ ನಡುವೆ ತನ್ನ ಮೈಮನಸ್ಸುಗಳನ್ನೇ ಎದುರುಗೊಳ್ಳುತ್ತಾಳೆ ಎಂಬ ಕಲ್ಪನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅಡೆಲಾ ಹೆದರಿ ಓಡುತ್ತಾಳೆ; ‘ಬ್ರೀಫ್ ಎನ್‌ಕೌಂಟರ್’ನ ನಾಯಿಕೆ ಕರ್ತವ್ಯಕ್ಕೆ ಮರಳುತ್ತಾಳೆ. ಮೂವರಲ್ಲಿ ಜೇನ್ ಒಬ್ಬಳೇ ಯಾರ ಬಲವಂತವೂ ಇಲ್ಲದೆ, ಹೆದರಿಕೆಯೂ ಇಲ್ಲದೆ ಹೊರಡುವವಳು.

ಅದಕ್ಕಾಗಿಯೇ ಚಿತ್ರದ ಕೊನೆ ಅದರ ಅರ್ಧ ದೋಷಗಳನ್ನು ತೊಳೆದುಬಿಡುತ್ತದೆ. ಕೂಟ ಮುಗಿದ ಮೇಲೂ ಎದ್ದು ಹೋಗಲು ತಿಳಿಯದೆ ಕುಳಿತುಬಿಡುವ ಸ್ವಭಾವ ತನ್ನದೆಂದೂ, ಈ ಬಾರಿ ಹಾಗೆ ಮಾಡಲಾರೆನೆಂದೂ ತಿಳಿದು ಜೇನ್ ಹೊರಡುತ್ತಾಳೆ. ನಿಲ್ದಾಣಕ್ಕೆ ಬರಬೇಡವೆಂದು ರೆನಾಟೊಗೆ ಹೇಳಿದವಳ ಕಣ್ಣು ನಿಲ್ದಾಣದಲ್ಲಿ ಅವನನ್ನೇ ಹುಡುಕುತ್ತದೆ. ಬಂಡಿ ಚಲಿಸಿದ ಮೇಲೆ ಅವನು ಓಡೋಡಿ ಬರುತ್ತಾನೆ, ಕೈಯಲ್ಲಿ ಪುಟ್ಟ ಪೊಟ್ಟಣ. ಕೈಗೆ ಎಟುಕುವುದಿಲ್ಲ. ಆಗ ಅವನು ಅದನ್ನು ಬಿಚ್ಚಿ ಒಳಗಿದ್ದ ಬಿಳಿಯ ಗಾರ್ಡೇನಿಯ ಹೂವನ್ನು ಎತ್ತಿ ತೋರಿಸುತ್ತಾನೆ. ಹಿಂದೊಂದು ರಾತ್ರಿ ಅಂಥದೇ ಹೂವು ಆಕೆಯ ಕೈಜಾರಿ ಕಾಲುವೆಯಲ್ಲಿ ತೇಲಿಹೋಗಿತ್ತು. ಹೂವು ಆಗಲೂ ಕೈಗೆ ಸಿಗಲಿಲ್ಲ, ಈಗಲೂ ಸಿಗಲಿಲ್ಲ. ಆದರೆ ಈ ಸಲ ಆಕೆ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ನಗುತ್ತ ಕೈಬೀಸುತ್ತಾಳೆ. ಬಂದಾಗ ಆ ಕೈಯಲ್ಲಿ ಕ್ಯಾಮರಾ ಇತ್ತು, ಕಣ್ಣಿಗೆ ಒತ್ತಿಕೊಂಡಿತ್ತು. ಹೋಗುವಾಗ ಕೈ ಬರಿದು, ಕಣ್ಣು ತೆರೆದಿದೆ. ಬಂದಂತೆಯೇ ಒಬ್ಬಳೇ ಹಿಂತಿರುಗುತ್ತಿದ್ದಾಳೆ; ಆದರೆ ಈಗ ಎದುರಿನ ಆಸನದ ಮೇಲೆ ಯಾರೋ ಇದ್ದಂತೆ ನಟಿಸುವ ಅಗತ್ಯ ಅವಳಿಗಿಲ್ಲ.

ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಕಡಿಮೆಯಿಲ್ಲ. ಕಾರಂತರ ‘ಅಪೂರ್ವ ಪಶ್ಚಿಮ’ವಿದೆ, 1980ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಇದೆ, ಈಚಿನವರಲ್ಲಿ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇದೆ. ಸಂಬಳದಲ್ಲಿ ಉಳಿಸಿ, ರಜೆ ಮಂಜೂರು ಮಾಡಿಸಿಕೊಂಡು, ಯಾರೂ ಕರೆಯದೆ, ಯಾರೂ ಕಾಯದೆ ಹೊರಟ ನಮ್ಮಂಥ ಕಚೇರಿಯ ಹೆಂಗಸಿನ ಪ್ರವಾಸಕಥೆಯನ್ನು ಓದುವ ಆಸೆ ನನಗಿದೆ. ಅಂಥವರು ನಮ್ಮ ಸಂಘದಲ್ಲೇ ಇದ್ದಾರೆಂದು ಬಲ್ಲೆ. ಅವರು ಬರೆಯುವವರೆಗೆ ಈ ಚಿತ್ರವನ್ನು ನೋಡಬಹುದು. ನೂರು ನಿಮಿಷದ ಚಿತ್ರ. ಬೆಳೆದ ಮಕ್ಕಳೊಂದಿಗೆ ನೋಡಲು ಸಂಕೋಚಪಡಬೇಕಾದ್ದೇನೂ ಇಲ್ಲ. ಪ್ರೇಮಕಥೆಯೆಂದು ನೋಡಿದರೆ ಸಾಧಾರಣ ಎನಿಸೀತು. ಖಾಲಿ ಕುರ್ಚಿಯ ಮೇಲೆ ಕಣ್ಣಿಟ್ಟು ನೋಡಿದರೆ, ‘ಯಾರ ಜೊತೆ?’ ಎಂದು ಮುಂದೆ ಯಾರನ್ನಾದರೂ ಕೇಳುವ ಮುನ್ನ ಒಂದು ಗಳಿಗೆ ತಡೆಯುವಂತಾದೀತು. ಮೊದಲು ಎಲ್ಲಿಗೆ ಹೋಗಿದ್ದಿರಿ, ಏನೇನು ಕಂಡಿರಿ ಎಂದು ಕೇಳುವ ಸೌಜನ್ಯ ನಮಗೆ ಬಂದೀತು.